ಅಡುಗೆಮನೆ ಇರೋ ಮನೆ ಹಿಡೀರಿ

ದಾವಣಗೆರೆಗೆ ತಿನ್ನೋಕೆ ಅಂತಲೇ ಬರೋರು ಈಗ ಜಾಸ್ತಿಯಾಗಿದ್ದಾರೆ. ಬೆಂಗಳೂರಿಂದ ಹೆದ್ದಾರೀಲಿ ಸುಮಾರು 260 ಕಿಲೋಮೀಟರ್. 2023ರಲ್ಲಿ ಧಾರವಾಡದ ವಂದೇ ಭಾರತ್ ರೈಲು ಶುರುವಾದ ಮೇಲೆ ಇನ್ನೂ ಸಲೀಸು. ಬರ್ತಾರೆ, ಎರಡು ಬೆಣ್ಣೆ ದೋಸೆ ತಿಂತಾರೆ, ತಟ್ಟೆಯ ಫೋಟೋ ಹಾಕ್ತಾರೆ, ಮಧ್ಯಾಹ್ನದ ಹೊತ್ತಿಗೆ "ಇಲ್ಲಿ ಇನ್ನೇನಿದೆ?" ಅಂತ ನಮ್ಮನ್ನೇ ಕೇಳ್ತಾರೆ. ಇಲ್ಲೇ ಓದ್ತಿರೋ ನಾವು ಕೊಡೋ ಸಲಹೆ ಒಂದೇ: ಲಾಡ್ಜ್ ಬಿಡಿ, ಎರಡು ದಿನಕ್ಕೆ ಅಡುಗೆಮನೆ ಇರೋ ಫ್ಲಾಟ್ ಹಿಡೀರಿ. ಹಿಡಿದ ಮೇಲೆ ದಯವಿಟ್ಟು ಆ ಒಲೆ ಹಚ್ಚಿ. ಬರೀ ಮ್ಯಾಗಿಗೂ ಚಹಾಕ್ಕೂ ಅಷ್ಟು ಬಾಡಿಗೆ ಯಾಕೆ?

ಹಾಗಂತ ಅಲ್ಲಿ ಬೆಣ್ಣೆ ದೋಸೆ ಹುಯ್ಯೋಕೆ ಹೋಗ್ಬೇಡಿ, ಅದು ಹೋಟೆಲ್‌ನ ಕೆಲಸ. ದಪ್ಪ ಕಬ್ಬಿಣದ ಕಾವಲಿ, ಕೆಳಗೆ ಸೌದೆ ಬೆಂಕಿ; ತಣ್ಣನೆ ಹಿಟ್ಟು ಬಿದ್ದರೂ ಅದರ ಕಾವು ಅಷ್ಟು ಸುಲಭಕ್ಕೆ ಇಳಿಯಲ್ಲ. ಫ್ಲಾಟ್‌ನ ತೆಳ್ಳನೆ ನಾನ್‌ಸ್ಟಿಕ್ ತವಾ ಮೊದಲನೇ ಸೌಟಿಗೇ ಸುಸ್ತಾಗುತ್ತೆ. ಥರ್ಮೋಡೈನಮಿಕ್ಸ್ ಪುಸ್ತಕಕ್ಕಿಂತ ಚೆನ್ನಾಗಿ ಆ ಕಾವಲಿ ಇದನ್ನು ಹೇಳಿಕೊಡುತ್ತೆ. ಆದರೆ ಆ ದೋಸೆಯೂ ಹುಟ್ಟಿದ್ದು ದೊಡ್ಡ ಹೋಟೆಲಲ್ಲೇನಲ್ಲ. 1928ರಲ್ಲಿ ಚೆನ್ನಮ್ಮ ಅನ್ನೋ ತಾಯಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕರ್ಕೊಂಡು ಬಂದು, ನಾಟಕದ ಥಿಯೇಟರ್ ಹತ್ತಿರ ರಾಗಿ ಹಿಟ್ಟಿನ ದೋಸೆ ಮಾಡಿ ಮಾರುತ್ತಿದ್ದರು ಅಂತ ಊರವರು ಹೇಳ್ತಾರೆ. ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿದ ಹಿಟ್ಟು ಬಂದಿದ್ದು ಆಮೇಲಂತೆ.

ಫ್ಲಾಟಲ್ಲಿ ಮಾಡಬೇಕಾದ್ದು ಒಗ್ಗರಣೆ ಮಂಡಕ್ಕಿ. ಇದಕ್ಕೆ ಮೊದಲು ಮಂಡಕ್ಕಿ ಭಟ್ಟಿ ಕಡೆ ಹೋಗಿ ಬರಬೇಕು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪು ನೀರು ಹಿಡಿಸಿ, ಕಾದ ಮರಳಿಗೆ ಹಾಕಿದರೆ ಕ್ಷಣದಲ್ಲಿ ಅರಳುತ್ತೆ. ಒಳಗಿನ ಚೂರು ತೇವ ಆವಿಯಾಗಿ ಕಾಳನ್ನು ಉಬ್ಬಿಸೋದು ನೋಡೋಕೆ ಚೆಂದ. ಅಲ್ಲಿ ನಿಲ್ಲೋಕೆ ಮಾತ್ರ ಚೆಂದ ಇಲ್ಲ. ಐದು ನಿಮಿಷಕ್ಕೆ ನಮ್ಮ ಕಣ್ಣು ಉರೀತಿತ್ತು; ಆ ಬಿಸಿ, ಹೊಗೆ, ಧೂಳಲ್ಲಿ ಕೆಲವರು ದಿನವಿಡೀ ಇರ್ತಾರೆ. ಹತ್ತು ರೂಪಾಯಿಯ ಖಾರ ಮಂಡಕ್ಕಿ ಪೊಟ್ಟಣಕ್ಕೂ ಚೌಕಾಸಿ ಮಾಡೋರನ್ನು ಒಮ್ಮೆ ಅಲ್ಲಿ ನಿಲ್ಲಿಸಬೇಕು.

ಅಂಗಡೀಲಿ ಮಂಡಕ್ಕಿ ಕೊಡೋದು ಸೇರಿನ ಅಳತೇಲಿ. ಇಂಗ್ಲಿಷ್ ಮೀಡಿಯಮ್ಮಿನ ನಮಗೆ ಬೀಕರ್ ಗೊತ್ತು, ಸೇರು ಗೊತ್ತಿರಲಿಲ್ಲ. ಸೊಪ್ಪಿಗೆ ಸಿವುಡು, ಕಡಲೆಗೆ ಪಾವು ಅನ್ನೋದೆಲ್ಲ ನಮ್ಮ ಬಾಯಿಗೆ ಬಂದಿದ್ದು ಸಂತೇಲಿ ನಿಂತ ಮೇಲೆ. ಹೋಟೆಲ್ ಮೆನು ನೋಡಿ ಬೆರಳು ತೋರಿಸಿದ್ದರೆ ಬರ್ತಿರಲಿಲ್ಲ. ಮಂಡಕ್ಕಿಯನ್ನು ನೀರಲ್ಲಿ ಅದ್ದಿ ತಕ್ಷಣ ಹಿಂಡಬೇಕು, ತಡ ಮಾಡಿದರೆ ಮುದ್ದೆ. ಸಾಸಿವೆ, ಹಸಿಮೆಣಸಿನಕಾಯಿ, ಈರುಳ್ಳಿ, ಅರಿಶಿನದ ಒಗ್ಗರಣೆ, ಮೇಲೆ ಹುರಿಗಡಲೆ ಪುಡಿ. ಮೆಣಸಿನಕಾಯಿ ಬಜ್ಜಿ ಬೀದಿ ಗಾಡಿಯಿಂದ ತನ್ನಿ.

ಇದನ್ನೇ ಡಬ್ಬಿಗೆ ತುಂಬ್ಕೊಂಡು ಹರಿಹರದ ಬಸ್ ಹತ್ತಿ, ಬರೀ ಹದಿನಾಲ್ಕು ಕಿಲೋಮೀಟರ್. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನ ನೋಡಿ, ತುಂಗಭದ್ರೆ ದಂಡೇಲಿ ಕೂತು ತಿನ್ನಿ. ಕಾಗದ, ಪ್ಲಾಸ್ಟಿಕ್ ಹೊಳೆಗೆ ಎಸೀಬೇಡಿ. ಅಲ್ಲಿನ ಮೂರ್ತಿ ಅರ್ಧ ಶಿವ, ಅರ್ಧ ವಿಷ್ಣು. ಒಂದೇ ಗರ್ಭಗುಡೀಲಿ ಇಬ್ಬರೂ ಎಂಟುನೂರು ವರ್ಷದಿಂದ ಹೊಂದ್ಕೊಂಡಿದ್ದಾರೆ.

ಆದರೆ ಬಾಡಿಗೆ ಮನೆಯ ಒಂದು ಒಲೆ ಮೇಲೆ ಎರಡು ಥರದ ಅಡುಗೆ ಹೊಂದ್ಕೊಳ್ಳಲ್ಲ. ನಾವು ಹಿಡಿದಿದ್ದ ಒಂದು ಫ್ಲಾಟಲ್ಲಿ ಮುಂಗಡ ಕೊಟ್ಟು, ಬ್ಯಾಗು ಇಳಿಸಿದ ಮೇಲೆ ಗೊತ್ತಾಯ್ತು: ಮಾಂಸ ಬಿಡಿ, ಮೊಟ್ಟೇನೂ ಒಳಗೆ ತರೋ ಹಾಗಿಲ್ಲ. ಮನೆ ಅವರದು, ನಿಯಮ ಮಾಡಲಿ, ತಕರಾರಿಲ್ಲ. ಆದರೆ "ಸುಸಜ್ಜಿತ ಅಡುಗೆಮನೆ" ಅಂತ ದೊಡ್ಡದಾಗಿ ಹಾಕಿ, ಇದನ್ನು ಮಾತ್ರ ಬಾಗಿಲ ಹಿಂದಿನ ಚೀಟೀಲಿ ಬರೆಯೋದು ಯಾವ ನ್ಯಾಯ?

ಇದು ನಮ್ಮ ಆಮ್ಲೆಟ್‌ನ ವಿಷಯ ಅಂದ್ಕೋಬೇಡಿ. ಎರಡು ವರ್ಷಕ್ಕೊಮ್ಮೆ ನಗರದೇವತೆ ದುಗ್ಗಮ್ಮನ ಜಾತ್ರೆ ಬಂದಾಗ ಈ ಊರಲ್ಲಿ ಮನೆಮನೇಲಿ ಬಾಡೂಟ. ಬೀಗರು, ಗೆಳೆಯರು, ಗೆಳೆಯರ ಗೆಳೆಯರು, ಬಂದೋರಿಗೆಲ್ಲ ಎಲೆ ಹಾಕ್ತಾರೆ. ಅದು ಯಾವ ಹೋಟೆಲಲ್ಲೂ ಸಿಗಲ್ಲ, ಯಾವ "ದಾವಣಗೆರೇಲಿ ತಿನ್ನಲೇಬೇಕಾದ ಹತ್ತು" ವಿಡಿಯೋದಲ್ಲೂ ಬರಲ್ಲ. ಬೆಣ್ಣೆ ದೋಸೆ ಊರಿನ ಹೆಮ್ಮೆ ಆಗಬಹುದು, ಮಟನ್ ಸಾರು ಆಗಬಾರದು ಅಂತ ತೀರ್ಮಾನ ಮಾಡಿದ್ದು ಯಾರು? ನಮ್ಮ ಗುಂಪಲ್ಲೂ ಮೊಟ್ಟೆ ಮುಟ್ಟದೋರು ಇದ್ದಾರೆ. ಅವರು ಕೇಳಿದ್ದು ಬೇರೆ ಪಾತ್ರೆ, ಬೇರೆ ಸೌಟು, ಅಷ್ಟೇ.

ಬಾಡಿಗೆಗೆ ಕೊಡೋರಲ್ಲಿ ನಮ್ಮದೊಂದು ವಿನಂತಿ. ಏನು ಬೇಯಿಸಬಹುದು, ಏನು ಬೇಯಿಸಬಾರದು ಅನ್ನೋದನ್ನು ಜಾಹೀರಾತಲ್ಲೇ, ಬಾಡಿಗೆ ಪಕ್ಕದಲ್ಲೇ ಬರೀರಿ. ಎರಡು ಜೊತೆ ಪಾತ್ರೆ ಇಡಿ. ಮತ್ತೆ, ದಯವಿಟ್ಟು, ಹರಿತವಾಗಿರೋ ಒಂದು ಚಾಕು. ನಾವು ನೋಡಿದ ಮೂರು ಮನೇಲೂ ಈರುಳ್ಳಿ ಹೆಚ್ಚೋಕೆ ಬರೋ ಚಾಕು ಒಂದೂ ಇರಲಿಲ್ಲ.