ಸಂಘದ ಕಾಗದಪತ್ರ ಯಾರ ಮನೆಯ ಕಪಾಟಿನಲ್ಲಿದೆ?



ಆಫೀಸಿನಲ್ಲಿ ನೀವು ದಿನನಿತ್ಯ ಮಾಡುವ ಕೆಲಸವೊಂದರ ಬಗ್ಗೆ ಈ ಸಲ ನಾಲ್ಕು ಮಾತು. ವರದಿಯಿರಲಿ, ಕೊಟೇಶನ್ ಇರಲಿ, ಒಪ್ಪಂದದ ಕರಡಿರಲಿ, ನಿಮ್ಮಲ್ಲಿ ಅನೇಕರು ಅದನ್ನು ಈಗ ದೂರದ ಸರ್ವರಿನಲ್ಲೇ ಬರೆದು ಅಲ್ಲೇ ಇಡುತ್ತೀರಿ. ಮುಂಬಯಿಯಲ್ಲಿ ಒಬ್ಬರು ಬರೆದದ್ದನ್ನು ದಿಲ್ಲಿಯಲ್ಲಿ ಇನ್ನೊಬ್ಬರು ಆ ಕ್ಷಣವೇ ತಿದ್ದುತ್ತಾರೆ. 2005ರಲ್ಲಿ ರೈಟ್ಲಿ ಎಂಬ ಹೆಸರಿನಿಂದ ಹುಟ್ಟಿದ ತಂತ್ರಾಂಶವನ್ನು 2006ರಲ್ಲಿ ಗೂಗಲ್ ಕೊಂಡುಕೊಂಡಿತು. ಅದೇ ಮುಂದೆ ಗೂಗಲ್ ಡಾಕ್ಸ್ ಆಯಿತು. ಚೆನ್ನೈಯ ಜೋಹೊ ಸಂಸ್ಥೆಯ ರೈಟರ್ ಕೂಡ ಇದೇ ಬಗೆಯದು.

ಇದರ ದೊಡ್ಡ ಗುಣವೆಂದರೆ ಮೂಲ ಪ್ರತಿ ಒಂದೇ. ಈ-ಮೇಲಿನಲ್ಲಿ ಕಳಿಸಿದ ಫೈಲು ಐದು ಜನರ ಕೈಯಲ್ಲಿ ಐದು ಪ್ರತಿಯಾಗುತ್ತದೆ. ಕೊನೆಗೆ ಸರಿಯಾದದ್ದು ಯಾವುದೆಂದು ಯಾರಿಗೂ ತಿಳಿಯುವುದಿಲ್ಲ. ಸರ್ವರಿನಲ್ಲಾದರೆ ಯಾರು, ಯಾವಾಗ, ಏನು ತಿದ್ದಿದರೆಂಬ ದಾಖಲೆ ಇರುತ್ತದೆ. ಬೇಕೆಂದರೆ ಹಳೆಯ ರೂಪಕ್ಕೆ ಮರಳಬಹುದು. ಒಬ್ಬರಿಗೆ ಓದುವ, ಇನ್ನೊಬ್ಬರಿಗೆ ಟಿಪ್ಪಣಿ ಬರೆಯುವ, ಮತ್ತೊಬ್ಬರಿಗೆ ತಿದ್ದುವ ಅಧಿಕಾರ ಕೊಡಬಹುದು.

ಈಗ ನಮ್ಮ ಸಂಘಗಳತ್ತ ನೋಡಿ. ಸಭೆಯ ನಡಾವಳಿ ಹಿಂದಿನ ಕಾರ್ಯದರ್ಶಿಯವರ ಮನೆಯಲ್ಲಿ, ಸದಸ್ಯರ ಪಟ್ಟಿ ಖಜಾಂಚಿಯವರ ಕಂಪ್ಯೂಟರಿನಲ್ಲಿ, ಸ್ಮರಣ ಸಂಚಿಕೆಯ ಲೇಖನಗಳು ಮುದ್ರಣಾಲಯದಲ್ಲಿ! ಒಬ್ಬರು ಊರು ಬಿಟ್ಟರೆ ಸಂಘದ ನೆನಪಿನ ಒಂದು ಭಾಗವೇ ಹೋದಂತೆ. ನಿಮ್ಮ ತಂದೆ-ತಾಯಂದಿರು ಕೆಲಸ ಮುಗಿಸಿ, ಲೋಕಲ್ ರೈಲು ಹಿಡಿದು ಬಂದು ಕಟ್ಟಿದ ಸಂಘದ ಚರಿತ್ರೆ ಅದು. ಅದನ್ನು ಒಂದೆಡೆ ಸೇರಿಸುವ ವಿದ್ಯೆ ನಿಮ್ಮ ಕೈಯಲ್ಲಿದೆ.

ಆದರೆ ಮೂರು ವಿಷಯ ನೆನಪಿರಲಿ.

ಒಂದು, ಖಾತೆ ಸಂಘದ ಹೆಸರಿನಲ್ಲಿರಲಿ. ಕಡತ ವ್ಯಕ್ತಿಯೊಬ್ಬರ ಖಾತೆಯಲ್ಲಿದ್ದರೆ ಅವರೇ ಅದರ ಒಡೆಯರು. ಅವರು ಅಳಿಸಿಹಾಕಿದರೆ ಎಲ್ಲರಿಗೂ ಹೋಯಿತು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ತೆಗೆದುಹಾಕಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿದೆ. ಆದ್ದರಿಂದ ಪಾಸ್‌ವರ್ಡ್ ಇಬ್ಬರು ಪದಾಧಿಕಾರಿಗಳ ಬಳಿಯಾದರೂ ಇರಲಿ. ವರ್ಷಕ್ಕೊಮ್ಮೆ, ಮಹಾಸಭೆಯಾದ ಮೇಲೆ, ಎಲ್ಲ ಕಡತಗಳ ಪ್ರತಿಯನ್ನು ಇಳಿಸಿಕೊಂಡು ಬೇರೆಡೆಯೂ ಇಡಿ.

ಎರಡು, ಬರೆಯುವುದು ಯೂನಿಕೋಡ್ ಕನ್ನಡದಲ್ಲಿರಲಿ. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಟೈಪು ಮಾಡಿದ ಕಡತವನ್ನು ಆ ಫಾಂಟ್ ಇಲ್ಲದೆಡೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅವನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳಿವೆ. ಬದಲಾಯಿಸಿದರೆ ಯಾರದೇ ಹೆಸರನ್ನೂ ಕನ್ನಡದಲ್ಲೇ ಹುಡುಕಬಹುದು.

ಮೂರು, ಸದಸ್ಯರ ವಿಳಾಸ, ಫೋನ್ ನಂಬರುಗಳಿರುವ ಪಟ್ಟಿಯನ್ನು ಲಿಂಕ್ ಸಿಕ್ಕವರೆಲ್ಲ ತೆರೆಯುವಂತೆ ಬಿಡಬೇಡಿ. ಮನೆಯ ಬಾಗಿಲಿಗೆ ಚಿಲಕ ಹಾಕಿದಂತೆ, ಬೇಕಾದವರಿಗಷ್ಟೇ ಪ್ರವೇಶವಿರಲಿ.

"ನಮಗೆ ಕನ್ನಡ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲವಲ್ಲ" ಎನ್ನುತ್ತೀರಾ? ಮೊಬೈಲಿನ ಗೂಗಲ್ ಕೀಲಿಮಣೆ ನಿಮ್ಮ ಮಾತನ್ನು ಕನ್ನಡ ಅಕ್ಷರವಾಗಿಸುತ್ತದೆ. ನೀವು ಹೇಳಿ ಬರೆಸಿ. ಮನೆಯ ಹಿರಿಯರೊಬ್ಬರು ಅದೇ ಕಡತದಲ್ಲಿ ತಪ್ಪು ತಿದ್ದಲಿ. ಅವರಿಗೆ ಯಂತ್ರ ಹೊಸದು, ನಿಮಗೆ ಅಕ್ಷರ ಹೊಸದು. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಬಹುದಲ್ಲವೆ?

ಮುಂದಿನ ಸಭೆಯ ನಡಾವಳಿಯಿಂದಲೇ ಆರಂಭಿಸಿ. ಹಿಂದಿನ ಕಾರ್ಯದರ್ಶಿಯವರ ಕಪಾಟನ್ನೂ ಒಮ್ಮೆ ತೆರೆಸಿ ನೋಡಿ.