ಬೀಗದ ಕೈ ಯಾರ ಜೇಬಿನಲ್ಲಿ?

ಬೆಸೆಂಟ್ ನಗರದಲ್ಲಿರುವ ನಮಗೆ ವಿಶ್ವವಿದ್ಯಾಲಯ ಅಂದರೆ ದೂರದ ಮಾತಲ್ಲ. ಅಡ್ಯಾರ್ ದಾಟಿದರೆ 1959ರಲ್ಲಿ ಶುರುವಾದ ಐಐಟಿ, ಇನ್ನೊಂದಿಷ್ಟು ಮುಂದೆ ಹೋದರೆ ಗಿಂಡಿಯ ಅಣ್ಣಾ ವಿಶ್ವವಿದ್ಯಾಲಯ. ನೋಡುವವರಿಗೆ ಅಲ್ಲಿ ಕಾಣುವುದು ಮರ, ಜಿಂಕೆ, ಹುಡುಗರ ಸೈಕಲ್ಲು. ಆದರೆ ಇಂಥ ಯಾವುದೇ ದೊಡ್ಡ ಕ್ಯಾಂಪಸ್ಸು ಒಳಗೆ ಒಂದು ಊರೇ ಸರಿ. ಸಬ್‌ಸ್ಟೇಷನ್, ನೀರಿನ ಟ್ಯಾಂಕು, ಹಾಸ್ಟೆಲ್ ಅಡುಗೆಮನೆಯ ಗ್ಯಾಸು, ಲಿಫ್ಟು, ಚರಂಡಿ, ಪ್ರಯೋಗಾಲಯದ ಸಿಲಿಂಡರು, ಎಲ್ಲವೂ ಇರುತ್ತವೆ. ಇವುಗಳನ್ನು ರಿಪೇರಿ ಮಾಡಲು ದಿನಾ ಬೆಳಿಗ್ಗೆ ಗೇಟಿನಿಂದ ಒಳಗೆ ಬರುವವರು ಗುತ್ತಿಗೆದಾರನ ಆಳುಗಳು.

ನಾನು ಹೊಟ್ಟೆಪಾಡಿಗೆ ಮಾಡುತ್ತಾ ಬಂದಿರುವುದು ಇಂಥದೇ ಒಂದು ಸಂಸ್ಥೆಯಲ್ಲಿ (ಹೆಸರು ಬೇಡ ಬಿಡಿ) ಕಟ್ಟಡ, ಕರೆಂಟು ನೋಡಿಕೊಳ್ಳುವ ಕೆಲಸ. ಅಲ್ಲಿ ‘ವರ್ಕ್ ಪರ್ಮಿಟ್’ ಅಂತ ಒಂದು ಕಾಗದ ಇದೆ. ಅಪಾಯದ ಕೆಲಸ ಶುರು ಮಾಡುವ ಮೊದಲು ಏನು ಕೆಲಸ, ಎಲ್ಲಿ, ಎಷ್ಟು ಹೊತ್ತು, ಏನೇನು ಬಂದ್ ಮಾಡಿದ್ದಾರೆ ಅಂತ ಬರೆದು, ಮಾಡಿಸುವವರೂ ಮಾಡುವವರೂ ಸಹಿ ಹಾಕಬೇಕು. ಮುಗಿದ ಮೇಲೆ ಇನ್ನೊಂದು ಸಹಿ. ಎಷ್ಟು ಸರಳ ಅಲ್ವಾ? ಆದರೆ ಬಹಳ ಕಡೆ ಆಗುವುದೇನು ಗೊತ್ತೇ? ಬೆಳಿಗ್ಗೆ ಮೇಸ್ತ್ರಿ ಒಂದು ಕಟ್ಟು ತರುತ್ತಾನೆ, ಇಂಜಿನಿಯರ್ ಟೀ ಕುಡಿಯುತ್ತಲೇ ಮೂವತ್ತಕ್ಕೂ ಸಹಿ ಹಾಕುತ್ತಾನೆ. ಇಬ್ಬರೂ ಜಾಗಕ್ಕೆ ಹೋಗಿರುವುದಿಲ್ಲ. ಫೈಲು ದಪ್ಪ ಆಯಿತು, ಆಡಿಟ್‌ನವರಿಗೂ ಸಂತೋಷ!

ನಾನು ಹೇಳಬೇಕೆಂದಿರುವುದು ಇಷ್ಟೇ. ಪರ್ಮಿಟ್ ಎಂಬುದು ಕೆಲಸದ ಜಾಗದಲ್ಲಿ ನಿಂತು ಇಬ್ಬರು ಆಡುವ ಮಾತು. ಆ ಮಾತು ಆಡದಿದ್ದರೆ ಕಾಗದಕ್ಕೆ ಮೂರು ಕಾಸಿನ ಬೆಲೆಯೂ ಇಲ್ಲ.

ಇದಕ್ಕೆ ಜಗತ್ತಿನಲ್ಲೇ ದೊಡ್ಡ ಪಾಠ 1988ರ ಜುಲೈ 6ರ ರಾತ್ರಿಯದು. ಸ್ಕಾಟ್ಲೆಂಡ್ ಕಡೆಯ ಸಮುದ್ರದಲ್ಲಿದ್ದ ಪೈಪರ್ ಆಲ್ಫಾ ಎಂಬ ತೈಲ ಕಟ್ಟೆಯಲ್ಲಿ ಒಂದು ಪಂಪಿನ ಸುರಕ್ಷತಾ ವಾಲ್ವನ್ನು ಹಗಲು ರಿಪೇರಿಗೆ ಬಿಚ್ಚಿದ್ದರು. ಅದಕ್ಕೆ ಪರ್ಮಿಟ್ ಇತ್ತು. ಆದರೆ ವಿಷಯ ರಾತ್ರಿ ಪಾಳಿಯವರಿಗೆ ಮುಟ್ಟಲಿಲ್ಲ. ಇನ್ನೊಂದು ಪಂಪು ನಿಂತಾಗ ಅವರು ಇದನ್ನು ಚಾಲೂ ಮಾಡಿದರು. ಅನಿಲ ಸೋರಿತು, 167 ಜನ ಸತ್ತರು. ಅಲ್ಲಿ ಕಾಗದಕ್ಕೆ ಕೊರತೆ ಇರಲಿಲ್ಲ ನೋಡಿ. ಒಬ್ಬರು ಇನ್ನೊಬ್ಬರಿಗೆ ಹೇಳಲಿಲ್ಲ, ಅಷ್ಟೇ.

ಅದು ಸಮುದ್ರ, ನಮ್ಮದು ವಿದ್ಯಾಸಂಸ್ಥೆ ಅನ್ನಬೇಡಿ. 2018ರ ಡಿಸೆಂಬರ್ 5ರಂದು ನಮ್ಮ ಬೆಂಗಳೂರಿನ ಐಐಎಸ್‌ಸಿ ಪ್ರಯೋಗಾಲಯದಲ್ಲಿ ಸ್ಫೋಟವಾಗಿ ಒಬ್ಬರು ತೀರಿಕೊಂಡರು, ಮೂವರಿಗೆ ಗಾಯವಾಯಿತು. ಅಲ್ಲಿ ಕೆಲಸ ಮಾಡುತ್ತಿದ್ದವರು ಒಂದು ಸ್ಟಾರ್ಟ್‌ಅಪ್‌ನವರು. ಆ ಪ್ರಕರಣದ ತಪ್ಪು-ಒಪ್ಪು ತೂಗುವುದು ನನ್ನ ಕೆಲಸವಲ್ಲ. ಆದರೆ ಗೋಡೆ ಒಬ್ಬರದು, ಸಂಬಳ ಕೊಡುವವರು ಇನ್ನೊಬ್ಬರು ಎಂಬ ಸ್ಥಿತಿ ಇಂದು ಎಲ್ಲ ಕ್ಯಾಂಪಸ್‌ಗಳಲ್ಲೂ ಇದೆ. ಏನಾದರೂ ಆದಾಗ ಮಾತ್ರ ಯಾರ ಜವಾಬ್ದಾರಿ ಅಂತ ಹುಡುಕುತ್ತೇವೆ.

ಇನ್ನು ಭಾಷೆಯ ವಿಷಯ. ಹೊರನಾಡಿನಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಇಲ್ಲಿಗೆ ಬಂದ ಹೊಸದರಲ್ಲಿ ಬಸ್ಸಿನ ಬೋರ್ಡು ಓದಲಾಗದೆ ಪರದಾಡಿದವರೇ. ತಪ್ಪು ಬಸ್ ಹತ್ತಿದರೆ ನಮಗೆ ಹೋಗುತ್ತಿದ್ದುದು ಒಂದು ಗಂಟೆ. ಒಡಿಶಾದಿಂದಲೋ ಬಿಹಾರದಿಂದಲೋ ಬಂದ ಹುಡುಗನ ಕೈಗೆ ಇಂಗ್ಲಿಷ್ ಪರ್ಮಿಟ್ ಕೊಟ್ಟು, ತಮಿಳಿನಲ್ಲಿ ಗದರಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡರೆ ಅವನಿಗೆ ಹೋಗುವುದು ಜೀವ. ‘ಈ ಪ್ಯಾನೆಲ್‌ನಲ್ಲಿ ಕರೆಂಟ್ ಇದೆ’ ಎಂಬ ಒಂದು ವಾಕ್ಯವನ್ನು ಅವನ ಭಾಷೆಯಲ್ಲಿ ಹೇಳಲು ಆಗದಷ್ಟು ಬಡತನವೇ ನಮಗೆ? ಹೇಳಿದ್ದನ್ನು ಅವನೇ ತಿರುಗಿ ಹೇಳಲಿ. ಹೇಳಲಾರದಿದ್ದರೆ ಕೆಲಸ ಶುರುವಾಗಬಾರದು.

ಕರೆಂಟ್ ಕೆಲಸಕ್ಕೆ ಇನ್ನೂ ಒಂದು ಇದೆ. ಬ್ರೇಕರ್ ಇಳಿಸಿ ಅದಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ತಂತಿ ಮುಟ್ಟುವವನ ಜೇಬಿಗೇ ಹಾಕಬೇಕು. ಆಫೀಸಿನ ಮೊಳೆಗೆ ನೇತುಹಾಕಿದರೆ, ‘ಏನಪ್ಪಾ ಇನ್ನೂ ಕರೆಂಟ್ ಬಂದಿಲ್ಲ’ ಅಂತ ಯಾವ ಪ್ರೊಫೆಸರ್ ಫೋನ್ ಮಾಡಿದರೂ ಯಾರಾದರೂ ಹೋಗಿ ಸ್ವಿಚ್ ಎತ್ತಿಬಿಡುತ್ತಾರೆ.

ಮ್ಯಾನ್‌ಹೋಲ್ ಕಥೆ ಇನ್ನೂ ಕೆಟ್ಟದ್ದು. ಒಬ್ಬ ಇಳಿದು ಪ್ರಜ್ಞೆ ತಪ್ಪುತ್ತಾನೆ, ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಇಬ್ಬರೂ ಹೋಗುತ್ತಾರೆ. ಅಲ್ಲಿನ ವಿಷಾನಿಲ ಹೆಚ್ಚಾದಂತೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ನಮ್ಮ ಎಲಿಯಟ್ಸ್ ಬೀಚಿನಲ್ಲಿ ಬಿಳಿ ಕಮಾನಿನ ಸ್ಮಾರಕ ಇದೆಯಲ್ಲ, ಅದು 1930ರಲ್ಲಿ ಮುಳುಗುತ್ತಿದ್ದವರನ್ನು ಉಳಿಸಲು ಹೋಗಿ ತಾನೇ ಮುಳುಗಿದ ಶ್ಮಿಟ್ ಎಂಬ ವಿದೇಶಿಯ ನೆನಪಿಗೆ ಕಟ್ಟಿದ್ದು. ಗುಂಡಿಗೆ ಇಳಿದು ಸತ್ತ ಎರಡನೆಯವನಿಗೆ ಯಾರೂ ಕಮಾನು ಕಟ್ಟುವುದಿಲ್ಲ. ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಚರಂಡಿಗೆ ಇಳಿಸಬಾರದೆಂದು 2013ರ ಕಾಯ್ದೆ ಇದೆ. ಸತ್ತರೆ ಕುಟುಂಬಕ್ಕೆ 30 ಲಕ್ಷ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನನ್ನ ಪ್ರಕಾರ ಕ್ಯಾಂಪಸ್ಸಿನಲ್ಲಿ ಇದಕ್ಕೆ ಪರ್ಮಿಟ್ ಕೊಡುವ ಮಾತೇ ಬೇಡ. ಯಂತ್ರ ತರಿಸಿ. ಮನುಷ್ಯ ಇಳಿಯಕೂಡದು.

‘ಒಂದು ಬಲ್ಬ್ ಹಾಕಲೂ ಪರ್ಮಿಟ್ ಅಂದರೆ ಕೆಲಸ ಆಗುವುದು ಯಾವಾಗ?’ ಅಂತ ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯ ಇದೆ. ಆದ್ದರಿಂದಲೇ ನಾನು ಪರ್ಮಿಟ್ ಕಡಿಮೆ ಆಗಲಿ ಅನ್ನುವವನು. ನೆಲದ ಮೇಲೆ ನಿಂತು ಬಣ್ಣ ಬಳಿಯಲು ಯಾಕೆ ಬೇಕು? ಎತ್ತರದ ಕೆಲಸ, ಕರೆಂಟು, ವೆಲ್ಡಿಂಗು, ಮುಚ್ಚಿದ ಟ್ಯಾಂಕಿನೊಳಗೆ ಇಳಿಯುವುದು, ನೆಲ ಅಗೆಯುವುದು, ಈ ಐದಕ್ಕೆ ಮಾತ್ರ ಇರಲಿ. ಆದರೆ ಈ ಐದಕ್ಕೆ ಇಂಜಿನಿಯರ್ ಜಾಗಕ್ಕೆ ಹೋಗಿಯೇ ಸಹಿ ಹಾಕಲಿ. ಮೂವತ್ತರ ಬದಲು ಆರು ಇದ್ದರೆ ಯಾಕೆ ಹೋಗಲಾಗದು? 2016ರ ಡಿಸೆಂಬರಿನ ವರ್ಧಾ ಚಂಡಮಾರುತದಲ್ಲಿ ಈ ಊರಿನ ಸಾವಿರಾರು ಮರ ಉರುಳಿದವಲ್ಲ, ಅಂಥ ದಿನಗಳಲ್ಲೂ ಇದೇ ನಿಯಮ. ತಂತಿ ಮೇಲೆ ಬಿದ್ದ ಮರ ಕಡಿಯುವ ಅವಸರದಲ್ಲೇ ಜೀವಕ್ಕೆ ಅಪಾಯ ಹೆಚ್ಚು.

ಹಣದ ಮಾತೂ ಇದೆ. ಟೆಂಡರ್ ಸಿಗುವುದು ಅತಿ ಕಡಿಮೆ ದರ ಬರೆದವನಿಗೆ. ದರ ಇಳಿಸಲು ಅವನು ಮೊದಲು ಕೈಬಿಡುವುದು ಬೆಲ್ಟು, ಸಾರವೆ, ಕೆಳಗೆ ಕಾಯುವ ಇನ್ನೊಬ್ಬ ಆಳು. ಇವಕ್ಕೆಲ್ಲ ಟೆಂಡರಿನಲ್ಲಿ ಪ್ರತ್ಯೇಕ ಸಾಲು ಹಾಕಿ, ಸಂಸ್ಥೆಯೇ ದರ ನಿಗದಿ ಮಾಡಲಿ. ಅದರ ಮೇಲೆ ಪೈಪೋಟಿ ಬೇಡ.

ಕಾನೂನು ನೋಡಿಕೊಳ್ಳುತ್ತದೆ ಅಂತ ಕೂತರೆ ಆಗುವುದಿಲ್ಲ. ಗುತ್ತಿಗೆದಾರ ಲೈಸೆನ್ಸ್ ಪಡೆಯಬೇಕಾದ ಮಿತಿ 1970ರ ಕಾಯ್ದೆಯಲ್ಲಿ 20 ಕೆಲಸಗಾರರು. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಸಂಹಿತೆಯಲ್ಲಿ ಅದು 50. ಆದರೆ ಕ್ಯಾಂಪಸ್ಸಿಗೆ ಎಸಿ ರಿಪೇರಿಗೆ, ಗಾಜು ಒರೆಸಲಿಕ್ಕೆ ಬರುವವನ ಹತ್ತಿರ ಇರುವುದು ನಾಲ್ಕು ಜನ. ಆ ನಾಲ್ವರ ಪಾಲಿಗೆ ಇರುವುದು ಗೇಟಿನ ಒಳಗಿನ ನಿಯಮ ಮಾತ್ರ. ಅದನ್ನು ಬಿಗಿ ಮಾಡುವುದೂ ಸಡಿಲ ಬಿಡುವುದೂ ನಮ್ಮ ಕೈಯಲ್ಲೇ ಇದೆ.

ನಿಮ್ಮಲ್ಲಿ ಎಷ್ಟೋ ಜನ ಕಾಲೇಜು, ಆಸ್ಪತ್ರೆ, ಐಟಿ ಪಾರ್ಕುಗಳಲ್ಲಿ ಇದ್ದೀರಿ. ನಾಳೆ ಕಿಟಕಿಯಾಚೆ ಹಗ್ಗಕ್ಕೆ ಜೋತುಬಿದ್ದ ಹುಡುಗ ಕಂಡರೆ ನಿಮ್ಮ ಎಸ್ಟೇಟ್ ಆಫೀಸಿಗೆ ಒಂದು ಫೋನ್ ಮಾಡಿ. ಅವನ ಪರ್ಮಿಟ್‌ಗೆ ಸಹಿ ಹಾಕಿದವರು ಇವತ್ತು ಆ ಜಾಗ ನೋಡಿದ್ದಾರಾ ಅಂತ ಕೇಳಿ. ಏನು ಉತ್ತರ ಬಂತು ಅಂತ ನನಗೂ ತಿಳಿಸಿ.