ಹಿಮ್ಮಡಿ ಹಿಡಿದವನು

ಕನ್ನಡದಲ್ಲಿ ಕಾಲು ಹಿಡಿಯುವುದೆಂದರೆ ಶರಣಾಗತಿ, ಕಾಲೆಳೆಯುವುದೆಂದರೆ ಕುಹಕ. ‘ಯಾಕೋಬ’ ಎಂಬ ಹೀಬ್ರೂ ಹೆಸರಿನಲ್ಲಿ ಮೊದಲು ಕಾಣುವುದು ಈ ಎರಡನೆಯ ಭಾವವೇ. ಬೈಬಲಿನ ಆದಿಕಾಂಡದ ಪ್ರಕಾರ, ಅವಳಿಮಕ್ಕಳಲ್ಲಿ ಕಿರಿಯನಾದ ಆತ ಅಣ್ಣ ಏಸಾವನ ಹಿಮ್ಮಡಿಯನ್ನು ಹಿಡಿದುಕೊಂಡೇ ಭೂಮಿಗೆ ಬಂದ. ಹಿಮ್ಮಡಿಗೆ ಹೀಬ್ರೂವಿನಲ್ಲಿ ‘ಅಕೇಬ್’; ಅದೇ ಧಾತುವಿಗೆ ಮತ್ತೊಬ್ಬನ ಸ್ಥಾನವನ್ನು ಕಸಿದುಕೊಳ್ಳುವುದೆಂಬ ಅರ್ಥವೂ ಉಂಟು. ‘ದೇವರು ಕಾಪಾಡಲಿ’ ಎಂಬರ್ಥದ ಇನ್ನೂ ಉದ್ದವಾದ ಹೆಸರೊಂದರ ಹ್ರಸ್ವರೂಪವಿದು ಎನ್ನುವ ವಿದ್ವಾಂಸರು ಅನೇಕರಿದ್ದಾರೆ. ಅವರ ಮಾತು ಸರಿಯಿರಬಹುದು. ಆದರೆ ಕಥೆಗೆ ಬೇಕಾದದ್ದು ಹಿಮ್ಮಡಿಯೇ!

ಕಣ್ಣು ಮಂಜಾದ ಮುದಿ ತಂದೆ ಇಸಾಕನು ನೀನಾರೆಂದು ಕೇಳಿದಾಗ, ಕಿರಿಯ ಮಗ ಅಣ್ಣನ ಹೆಸರನ್ನು ಹೇಳಿ ಆಶೀರ್ವಾದವನ್ನು ಲಪಟಾಯಿಸಿದ. ಹೆಸರಿಗೆ ತಕ್ಕಂತೆ ಎರಡು ಸಲ ವಂಚಿಸಿದನಲ್ಲಾ ಎಂದು ಏಸಾವ ಗೋಳಾಡಿದ. ಎಷ್ಟೋ ವರ್ಷಗಳ ಮೇಲೆ, ಯಬ್ಬೋಕ್ ಹೊಳೆಯ ಬಳಿ ಇರುಳೆಲ್ಲ ತನ್ನೊಡನೆ ಸೆಣಸಿದ ಅಪರಿಚಿತನು ಹೆಸರು ಕೇಳಿದಾಗ ಮಾತ್ರ ಅವನ ನಾಲಗೆಗೆ ಸುಳ್ಳು ಬಾರಲಿಲ್ಲ. ಯಾಕೋಬನೆಂದೇ ಒಪ್ಪಿಕೊಂಡ. ‘ಇಸ್ರಾಯೇಲ’ ಎಂಬ ಹೊಸ ಹೆಸರು ದೊರೆತದ್ದು ಆ ಗಳಿಗೆಯಲ್ಲಿ. ಬೆಳಗಾದ ಮೇಲೆ ಅಣ್ಣನನ್ನು ಎದುರುಗೊಂಡು ಏಳು ಸಲ ನೆಲಕ್ಕೆ ಬಾಗಿದ. ಅಣ್ಣ ಓಡಿಬಂದು ಅಪ್ಪಿಕೊಂಡ. ನಮ್ಮ ಕನ್ನಡದ ‘ಕಾಲು ಹಿಡಿಯುವುದು’ ಅಲ್ಲಿ ಬಂದಿತೆನ್ನಬೇಕು.

ಅರಬ್ಬಿಯಲ್ಲಿ ಯಾಕೂಬ್ ಆದ ಈ ಹೆಸರು ಲ್ಯಾಟಿನ್ನಿನ ಹಾದಿಯಲ್ಲಿ ಸವೆದು ಇಂಗ್ಲಿಷಿನ ಜೇಮ್ಸ್ ಆಯಿತು. ಇಂಗ್ಲಿಷ್ ಬೈಬಲಿನಲ್ಲಿ ಮೂಲಪುರುಷನು ಜೇಕಬ್, ಯೇಸುವಿನ ಶಿಷ್ಯನು ಜೇಮ್ಸ್. ಹೆಸರೊಂದೇ ಎಂಬುದು ಓದುವವರಿಗೆ ಹೊಳೆಯದು. ಕನ್ನಡ ಬೈಬಲಿನಲ್ಲಾದರೋ ಇಬ್ಬರೂ ಯಾಕೋಬರೇ. ಈ ವಿಷಯದಲ್ಲಿ ನಮ್ಮ ಅನುವಾದವೇ ಮೇಲು. ಸ್ಪೇನಿನಲ್ಲಿ ಸಂತ ಯಾಗೋ ‘ಸಾಂತಿಯಾಗೋ’ ಎನಿಸಿ, ಸಮುದ್ರ ದಾಟಿ ಚಿಲಿ ದೇಶದ ರಾಜಧಾನಿಗೂ ಹೆಸರಾದ.

ಫ್ರಾನ್ಸಿನಲ್ಲಿ ಇದು ‘ಜಾಕ್’. ಪ್ಯಾರಿಸಿನ ಸಂತ ಜಾಕ್ ಬೀದಿಯಲ್ಲಿ ಮಠ ಹೂಡಿದ ಸಂನ್ಯಾಸಿಗಳಿಗೆ ಜಾಕೊಬಿನರೆಂಬ ಹೆಸರು ಬಂತು. 1789ರಲ್ಲಿ ಅವರದೇ ಇನ್ನೊಂದು ಮಠದಲ್ಲಿ ಕೂಡತೊಡಗಿದ ಕ್ರಾಂತಿಕಾರರಿಗೂ ಅದೇ ಅಂಟಿಕೊಂಡಿತು. 1797ರಲ್ಲಿ ಟಿಪ್ಪುವಿನ ಶ್ರೀರಂಗಪಟ್ಟಣದಲ್ಲಿಯೂ ಫ್ರೆಂಚರು ಅಂಥದೊಂದು ಸಭೆ ಕಟ್ಟಿದರೆಂದು ಬ್ರಿಟಿಷರು ಪ್ರಕಟಿಸಿದ ಕಾಗದಗಳು ಹೇಳುತ್ತವೆ. ಅವುಗಳನ್ನು ನಂಬದ ಇತಿಹಾಸಕಾರರೂ ಇದ್ದಾರೆ.

ಅಲ್ಲಿಯ ರೈತನಿಗೆ ‘ಜಾಕ್’ ಎಂಬುದು ಅಡ್ಡಹೆಸರೂ ಆಗಿತ್ತು. ಗಿಡ್ಡ ಅಂಗಿಗೆ ‘ಜಾಕೆಟ್’ ಎಂಬ ಮಾತು ಹುಟ್ಟಿದ್ದು ಅದರಿಂದಲೇ ಇರಬೇಕೆಂದು ನಿಘಂಟುಕಾರರ ಊಹೆ. ನಮ್ಮ ಅಜ್ಜಿಯರು ಹಬ್ಬಕ್ಕೆ ಹೊಲಿಸಿಕೊಳ್ಳುತ್ತಿದ್ದ ‘ಜಾಕೀಟು’ ಇದೇ.